ಓದುಗರ ಪ್ರಶ್ನೆ: ಹಾರುವಾಗ ಕರೆಂಟ್ ಹೋದರೆ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಜನ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುವ ಬಗ್ಗೆ ಬರೆದಿದ್ದೆ. ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಕಲಿಯುವ ಆಸೆಗೋ ಖುಷಿಗೋ ಹವ್ಯಾಸಿಗಳೇ ಮಾಡಿದ್ದರೆ, ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಆ ವಿಮಾನಕ್ಕೆ 'ಎಕ್ಸ್‌ಪೆರಿಮೆಂಟಲ್' ಎಂಬ ಪತ್ರ ಕೊಡುತ್ತದೆ. ಇಂಥವರ ಸಂಘ ಇಎಎ ಶುರುವಾಗಿದ್ದು 1953ರಲ್ಲಿ. ಪ್ರತಿ ಜುಲೈನಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಅವರ ಜಾತ್ರೆ. ಇಷ್ಟು ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ರೆಕ್ಕೆ, ರಿವೆಟ್ ಬಗ್ಗೆ ಕೇಳಿದವರು ಕಡಿಮೆ. ಎಲ್ಲರಿಗೂ ವೈರು, ಮೀಟರು, ರೇಡಿಯೋದ್ದೇ ಚಿಂತೆ. ನನಗೂ ಬರುವುದು ಅದೇ. ಬೆಂಗಳೂರಿನಲ್ಲಿ ವಿಮಾನದ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತಲೇ ನಿವೃತ್ತನಾದವನು ನಾನು. ಈಗ ಆರೆಗಾನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಶನಿವಾರ ಬಂತೆಂದರೆ ಹತ್ತಿರದ ಸಣ್ಣ ಏರ್‌ಪೋರ್ಟಿನಲ್ಲಿ ಯಾರದ್ದಾದರೂ ಪ್ಯಾನೆಲ್ ಹಿಂದೆ ತಲೆ ತೂರಿಸಿಕೊಂಡು ಕೂತಿರುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರು ಗ್ಯಾರೇಜಿನಲ್ಲಿ ಆರ್‌ವಿ-9ಎ ವಿಮಾನ ಕಟ್ಟುತ್ತಿದ್ದಾರೆ. ಕಾರು ಬಿಸಿಲಲ್ಲಿ ನಿಂತಿದೆ. ಮೊನ್ನೆ ಮೀಟರುಗಳ ಬದಲು ಹಾಕಲು ಎರಡು ದೊಡ್ಡ ಸ್ಕ್ರೀನ್ ತಂದರು. ಹಾರುವಾಗ ಕರೆಂಟ್ ಹೋದರೆ ಎಂಜಿನ್ ನಿಲ್ಲುತ್ತಾ ಎಂದು ಕೇಳಿದರೆ ನಗುತ್ತಾರೆ. ನೀವಾದರೂ ಹೇಳಿ. (ಓದುಗರು, ಡಲ್ಲಾಸ್)

ನಗುವ ಪ್ರಶ್ನೆ ಅಲ್ಲ ತಾಯಿ. ಬಂದ ಪತ್ರಗಳಲ್ಲಿ ನಿಮ್ಮದೇ ಒಳ್ಳೆ ಪ್ರಶ್ನೆ.

ಎಂಜಿನ್‌ನಲ್ಲಿ ಏನಿದೆ ಎಂಬುದರ ಮೇಲೆ ಉತ್ತರ. ಹಳೆ ಪದ್ಧತಿಯ ಲೈಕಮಿಂಗ್ ಎಂಜಿನ್ನಿಗೆ ಎರಡು ಮ್ಯಾಗ್ನೆಟೊ ಇರುತ್ತವೆ. ಎಂಜಿನ್ ತಿರುಗುತ್ತಿದ್ದರೆ ಸಾಕು, ಕಿಡಿಯನ್ನು ಅವೇ ಹುಟ್ಟಿಸಿಕೊಳ್ಳುತ್ತವೆ. ಬ್ಯಾಟರಿ ಕಿತ್ತು ಬಿಸಾಡಿದರೂ ಎಂಜಿನ್ ನಿಲ್ಲುವುದಿಲ್ಲ. ಆದರೆ ಈಗ ಬಹಳ ಜನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಳ್ಳುತ್ತಾರೆ. ಪೆಟ್ರೋಲ್ ಉಳಿಯುತ್ತದೆ, ಸ್ಟಾರ್ಟ್ ಸುಲಭ. ಅದರಲ್ಲಿ ಬಹಳಷ್ಟಕ್ಕೆ ಕರೆಂಟ್ ಬೇಕು. ಎರಡೂ ಮ್ಯಾಗ್ನೆಟೊ ಜಾಗದಲ್ಲಿ ಅಂಥದ್ದೇ ಇದ್ದು, ಕರೆಂಟಿನ ದಾರಿ ಒಂದೇ ಆಗಿದ್ದರೆ, ನೀವು ಹೆದರಿದ್ದು ಸರಿ.

ಇವತ್ತು ಊಟಕ್ಕೆ ಕೂತಾಗ ಅವರಿಗೆ ಇಷ್ಟು ಕೇಳಿ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸತ್ತರೆ ನಿಮಗೆ ಗೊತ್ತಾಗುವುದು ಹೇಗೆ? ಸರಿ ಇರುವಾಗ ವೋಲ್ಟೇಜ್ 14ರ ಮೇಲಿರುತ್ತದೆ. ಸತ್ತ ಮೇಲೆ ಬರೀ ಬ್ಯಾಟರಿ, 12.7 ಅಥವಾ ಅದಕ್ಕಿಂತ ಕೆಳಗೆ. 13ಕ್ಕೆ ಇಳಿದ ಕೂಡಲೇ ಕಣ್ಣಿಗೆ ಹೊಡೆಯುವಂತೆ ಒಂದು ಕೆಂಪು ದೀಪ ಹೊತ್ತಬೇಕು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವೋಲ್ಟೇಜ್ ತೋರಿಸಿದರೆ ಸಾಲದು, ಯಾರೂ ನೋಡುವುದಿಲ್ಲ.

ಎರಡನೆಯದು, ಆಮೇಲೆ ಏನೇನು ಆಫ್ ಮಾಡುತ್ತೀರಿ, ಎಷ್ಟು ಹೊತ್ತು ಹಾರುತ್ತೀರಿ? ಆರ್‌ವಿಗಳಲ್ಲಿ 17 ಆಂಪಿಯರ್-ಅವರ್ ಆಸುಪಾಸಿನ ಬ್ಯಾಟರಿ ಸಾಮಾನ್ಯ. ಒಂದು ಸ್ಕ್ರೀನ್, ರೇಡಿಯೋ, ರಾಡಾರ್‌ಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್ ಇಷ್ಟನ್ನೇ ಉಳಿಸಿಕೊಂಡರೆ ಆರು ಆಂಪಿಯರ್ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಎರಡೂಮುಕ್ಕಾಲು ಗಂಟೆಗೂ ಜಾಸ್ತಿ ಬಂತು. ಬ್ಯಾಟರಿ ಹಳೆಯದಾಗುತ್ತದೆ, ಅರ್ಧ ಹಿಡಿಯಿರಿ. ಒಂದು ಗಂಟೆ ಚಿಲ್ಲರೆ. ದೀಪ, ಗಾಳಿಗೆ ಎದುರಾಗಿ ನಿಂತು ವೇಗ ಅಳೆಯುವ ಪೀಟೊ ಕೊಳವೆಯ ಹೀಟರ್ ಎಲ್ಲ ಹೊತ್ತಿಸಿಕೊಂಡೇ ಹೋದರೆ ಅದೂ ಇಲ್ಲ. ಅದಕ್ಕೇ ಬೇಕೇಬೇಕಾದ ಸಾಮಾನನ್ನೆಲ್ಲ ಬೇರೆ ಒಂದು ಬಸ್‌ಗೆ, ಅಂದರೆ ಕರೆಂಟ್ ಹಂಚುವ ಪಟ್ಟಿಗೆ, ಹಾಕಿ, ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಇನ್ನೊಂದು ದಾರಿ ಕೊಡುತ್ತಾರೆ. ಎರಡು ಸ್ವಿಚ್ ಒತ್ತಿದರೆ ಕೆಲಸ ಮುಗಿಯಬೇಕು.

ಅವರು ತಡವರಿಸದೆ ಉತ್ತರ ಹೇಳಿದರೆ ನೀವು ಧೈರ್ಯವಾಗಿ ಪಕ್ಕದ ಸೀಟಿನಲ್ಲಿ ಕೂರಬಹುದು. ಇಲ್ಲದಿದ್ದರೆ ಕಾರು ಇನ್ನೂ ಸ್ವಲ್ಪ ದಿನ ಬಿಸಿಲಲ್ಲೇ ನಿಲ್ಲಲಿ.

ಪ್ರಶ್ನೆ: ಹೈಸ್ಕೂಲಿನಿಂದಲೂ ಸೋಲ್ಡರಿಂಗ್ ಮಾಡುತ್ತಿದ್ದೇನೆ, ಕೈ ಚೆನ್ನಾಗಿದೆ. ವಿಮಾನದ ವೈರಿಂಗ್‌ಗೆ ಎಲ್ಲರೂ ಕ್ರಿಂಪ್ ಮಾಡು ಎನ್ನುತ್ತಾರೆ. ಬೆಸುಗೆಗಿಂತ ಅಮುಕಿದ ಜಾಯಿಂಟ್ ಹೇಗೆ ಗಟ್ಟಿ? ಹಾಗೇ, ಮನೆಯಲ್ಲಿ ರೋಲುಗಟ್ಟಲೆ ಪಿವಿಸಿ ವೈರ್ ಬಿದ್ದಿದೆ, ಬಳಸಲೇ? (ಸ್ಯಾನ್ ಹೋಸೆ)

ಬೆಸುಗೆ ನಿಷಿದ್ಧವೇನಲ್ಲ. ಸರ್ಕ್ಯೂಟ್ ಬೋರ್ಡಿನ ಮೇಲೆ, ಕೆಲವು ಕನೆಕ್ಟರ್ ಒಳಗೆ ಅದೇ ಬೇಕು. ತೊಂದರೆ ಇರುವುದು ವೈರಿನ ತುದಿಗೆ ಹಾಕುವ ಲೋಹದ ಲಗ್ ಹತ್ತಿರ. ವೈರಿನ ಎಳೆಗಳ ನಡುವೆ ಸೀಸ ಮೇಲಕ್ಕೆ ಏರಿಕೊಳ್ಳುತ್ತದೆ. ಏರಿದಷ್ಟು ಉದ್ದ ವೈರು ಕಡ್ಡಿಯಾಯಿತು. ಕಡ್ಡಿ ಮುಗಿದು ಮೆತ್ತಗಿನ ಎಳೆ ಶುರುವಾಗುವ ಜಾಗ ಇದೆಯಲ್ಲ, ನಾಲ್ಕು ಸಿಲಿಂಡರಿನ ಎಂಜಿನ್ ಅಲುಗಾಡಿಸಿ ಅಲುಗಾಡಿಸಿ ಅಲ್ಲೇ ಮುರಿಯುತ್ತದೆ. ಇನ್ಸುಲೇಷನ್ ಒಳಗೆ ಮುರಿಯುವುದರಿಂದ ಹೊರಗಿನಿಂದ ಕಾಣುವುದೂ ಇಲ್ಲ. ನೆಲದ ಮೇಲೆ ಮೀಟರ್ ಇಟ್ಟರೆ ಕನೆಕ್ಷನ್ ಇದೆ ಎನ್ನುತ್ತದೆ, ಗಾಳಿಯಲ್ಲಿ ಇಲ್ಲ. ಇಂಥ ದೋಷ ಹುಡುಕಲು ಕೂತವರ ಮುಖ ನೋಡಲಾಗುವುದಿಲ್ಲ.

ಒಳ್ಳೆ ಕ್ರಿಂಪ್‌ನಲ್ಲಿ ಎಳೆಗಳೂ ಲಗ್ಗಿನ ತಾಮ್ರವೂ ನಡುವೆ ಗಾಳಿ ಸೇರದಷ್ಟು ಬಿಗಿಯಾಗಿ ಒತ್ತಿಕೊಂಡಿರುತ್ತವೆ. ಇನ್ನೊಂದು ಉಪಾಯವೂ ಇದೆ. ವಿಮಾನಕ್ಕೆ ಬಳಸುವ ಲಗ್ಗುಗಳಲ್ಲಿ ಎರಡನೇ ಹಿಡಿತ ಇರುತ್ತದೆ, ಅದು ಇನ್ಸುಲೇಷನ್ನನ್ನು ಹಿಡಿಯುತ್ತದೆ. ಅಲುಗಾಟ ಎಳೆಯವರೆಗೆ ಬರದಂತೆ ತಡೆಯುವುದು ಅದೇ. ಇಕ್ಕಳದಲ್ಲಿ ಅಮುಕಿದರೆ ಇದು ಯಾವುದೂ ಆಗುವುದಿಲ್ಲ. ಪೂರ್ತಿ ಒತ್ತುವವರೆಗೂ ಬಿಡದ ರ‍್ಯಾಚೆಟ್ ಟೂಲ್ ತಗೊಳ್ಳಿ. ಮೊದಲು ಬೇಡದ ತುಂಡುಗಳ ಮೇಲೆ ಅಭ್ಯಾಸ ಮಾಡಿ. 22 ಗೇಜ್ ವೈರಿನ ಜಾಯಿಂಟಿಗೆ ಆರೇಳು ಕಿಲೋ ತೂಕ ನೇತುಹಾಕಿ ನೋಡಿ. ಕಳಚಿಕೊಂಡರೆ ಟೂಲ್ ಸರಿಯಿಲ್ಲ, ಇಲ್ಲವೇ ಲಗ್ಗಿನ ಸೈಜ್ ಬೇರೆ.

ಪಿವಿಸಿ ವೈರು ಬೇಡ. ಖಂಡಿತ ಬೇಡ. ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಕಣ್ಣು ಬಿಡಲಾಗದಷ್ಟು ಉರಿ. ಕಾರಾದರೆ ಪಕ್ಕಕ್ಕೆ ನಿಲ್ಲಿಸಿ ಇಳಿಯಬಹುದು. ವಿಮಾನಕ್ಕೆ ಹಾಕುವುದು ತವರ ಲೇಪಿಸಿದ ತಾಮ್ರದ ಎಳೆಗಳ ಮೇಲೆ ಟೆಫ್ಜೆಲ್ ಎಂಬ ಪ್ಲಾಸ್ಟಿಕ್ ಹೊದಿಸಿದ ವೈರು. 150 ಡಿಗ್ರಿ ಸೆಲ್ಸಿಯಸ್ ತಡೆದುಕೊಳ್ಳುತ್ತದೆ, ಹೊದಿಕೆ ತೆಳು, ತೂಕ ಕಡಿಮೆ. 22 ಗೇಜ್‌ಗೆ 5 ಆಂಪಿಯರ್ ಫ್ಯೂಸ್, ಅದಕ್ಕಿಂತ ದಪ್ಪದ 18ಕ್ಕೆ 10 ಎಂದು ಹವ್ಯಾಸಿಗಳು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಫ್ಯೂಸ್ ಇರುವುದು ವೈರನ್ನು ಕಾಯಲು, ನಿಮ್ಮ ರೇಡಿಯೋವನ್ನು ಕಾಯಲು ಅಲ್ಲ. ಹಾಗಾಗಿ ಫ್ಯೂಸ್ ಇರಬೇಕಾದ್ದು ಕರೆಂಟ್ ಹೊರಡುವ ತುದಿಯಲ್ಲಿ. ಆ ಪಿವಿಸಿ ರೋಲುಗಳು ದೀಪಾವಳಿಗೆ ಮನೆ ಮುಂದೆ ಲೈಟ್ ಹಾಕಲು ಆಗುತ್ತವೆ ಬಿಡಿ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು ಎಂಪಿಎಕ್ಸ್‌ವಿ7002 ಪ್ರೆಷರ್ ಸೆನ್ಸರ್ ಇಟ್ಟು ವಿಮಾನದ ವೇಗ ತೋರಿಸುವ ಮೀಟರ್ ಮಾಡಿದ್ದೇನೆ. ಬೈಕಿಗೆ ಕಟ್ಟಿ ನೋಡಿದೆ. ಜೋರಾಗಿ ಹೋದಾಗ ಪರವಾಗಿಲ್ಲ, ನಿಧಾನವಾದರೆ ಏನೇನೋ ತೋರಿಸುತ್ತದೆ. ಗೆಳೆಯನೊಬ್ಬ ತನ್ನ ಪುಟ್ಟ ಹಗುರ ವಿಮಾನ ಮೈಕ್ರೋಲೈಟಿಗೆ ಕೇಳುತ್ತಿದ್ದಾನೆ, ಕೊಡಬಹುದಾ? (ಹುಬ್ಬಳ್ಳಿ)

ಬೈಕಿಗೆ ಕಟ್ಟಿ ನೋಡಿದೆಯಲ್ಲ ತಮ್ಮಾ, ಅದು ಇಷ್ಟವಾಯಿತು. ದೋಷ ನಿನ್ನ ಪ್ರೋಗ್ರಾಮಿನಲ್ಲಿ ಇಲ್ಲ, ಗಾಳಿಯ ಲೆಕ್ಕದಲ್ಲಿದೆ.

ಪೀಟೊ ಕೊಳವೆಯೊಳಗೆ ಏರುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುತ್ತದೆ. ಸಮುದ್ರ ಮಟ್ಟದ ಗಾಳಿಗೆ ಹಾಕಿ ನೋಡು. 100 ನಾಟ್, ಅಂದರೆ ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಸುಮಾರು 1,620 ಪಾಸ್ಕಲ್. ಅರ್ಧ ವೇಗ, 50 ನಾಟ್‌ಗೆ ಬಂದರೆ ಅರ್ಧ ಅಲ್ಲ, ಕಾಲು ಭಾಗ, 405. 40 ನಾಟ್‌ಗೆ ಬರೀ 260. ಈಗ ಸೆನ್ಸರಿನ ಡೇಟಾಶೀಟ್ ತೆಗೆ. ಎರಡೂ ಕಡೆ 2 ಕಿಲೋಪಾಸ್ಕಲ್ ಅಳೆಯುತ್ತದೆ, ಅಂದರೆ ಒಟ್ಟು ಹರವು 4,000 ಪಾಸ್ಕಲ್. ತಪ್ಪು ಸಾಮಾನ್ಯವಾಗಿ ಶೇ 2.5, ಅಂದರೆ 100 ಪಾಸ್ಕಲ್. ಆ 100 ಪಾಸ್ಕಲ್ 100 ನಾಟ್‌ನಲ್ಲಿ ಕೊಡುವ ತಪ್ಪು ಮೂರೇ ಮೂರು ನಾಟ್. 40 ನಾಟ್‌ನಲ್ಲಿ? ಮೀಟರ್ 31 ತೋರಿಸಬಹುದು, 47 ಕೂಡ ತೋರಿಸಬಹುದು. ಮೈಕ್ರೋಲೈಟ್ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವುದನ್ನು ಬಿಡುವುದು, ಇದೇ ವೇಗದ ಆಸುಪಾಸು. ಮೀಟರ್ ಎಲ್ಲಿ ಸರಿ ಇರಬೇಕೋ ಅಲ್ಲೇ ಕೈಕೊಡುತ್ತದೆ.

ಸುಧಾರಿಸುವ ದಾರಿ ಇದೆ. ಈ ಸೆನ್ಸರಿನ ಔಟ್‌ಪುಟ್ ಅದಕ್ಕೆ ಕೊಟ್ಟ 5 ವೋಲ್ಟಿನ ಜೊತೆಗೇ ಏರಿಳಿಯುತ್ತದೆ. ಆದ್ದರಿಂದ ಸೆನ್ಸರಿಗೂ, ಆ ವೋಲ್ಟನ್ನು ಅಂಕಿ ಮಾಡುವ ಎಡಿಸಿಯ ರೆಫರೆನ್ಸಿಗೂ ಒಂದೇ 5 ವೋಲ್ಟ್ ಕೊಡು. ಆನ್ ಮಾಡಿದಾಗ ಕೊಳವೆಗೆ ಗಾಳಿ ತಾಗದಂತೆ ಮುಚ್ಚಿ ಸೊನ್ನೆಯನ್ನು ಓದಿಸಿಕೊಂಡು ಕಳೆ. ಒಂದಷ್ಟು ರೀಡಿಂಗ್ ತೆಗೆದು ಸರಾಸರಿ ಮಾಡು. ಇಷ್ಟರಲ್ಲೇ ದೊಡ್ಡ ತಪ್ಪು ಹೋಗುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟು. ಬಣ್ಣದ ನೀರು ತುಂಬಿಸು. ಒಂದು ತುದಿಯನ್ನು ಟಿ ಜಾಯಿಂಟ್ ಹಾಕಿ ಸೆನ್ಸರಿಗೂ ಒಂದು ಸಿರಿಂಜಿಗೂ ಸೇರಿಸು. ಸಿರಿಂಜ್ ನಿಧಾನವಾಗಿ ಒತ್ತಿದರೆ ಎರಡು ಕಡೆಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸ 26 ಮಿಲಿಮೀಟರ್ ಇದ್ದರೆ ಮೀಟರ್ 40 ನಾಟ್ ತೋರಿಸಬೇಕು. 60 ಮಿಲಿಮೀಟರಿಗೆ 60 ನಾಟ್, ಇದು ನೆನಪಿಡಲು ಸುಲಭ. 106ಕ್ಕೆ 80, 165ಕ್ಕೆ 100. ಇಷ್ಟು ದುಡ್ಡಿಗೆ ಇದಕ್ಕಿಂತ ನಂಬುಗೆಯ ಉಪಕರಣ ಸಿಗುವುದಿಲ್ಲ. ಬಾಯಿಂದ ಮಾತ್ರ ಊದಬೇಡ. ನಮ್ಮ ಉಸಿರಿನ ಒತ್ತಡ ಇದಕ್ಕೆ ಬಹಳ ಜಾಸ್ತಿ. ನಿನ್ನ ಸೆನ್ಸರ್ ತಡೆದುಕೊಂಡೀತು, ವಿಮಾನದಲ್ಲಿರುವ ಮುಳ್ಳಿನ ಮೀಟರ್ ಹಾಳಾಗುತ್ತದೆ.

ಸೆನ್ಸರಿನ ಎರಡನೇ ತೂತನ್ನು ಏನು ಮಾಡಿದ್ದೀಯ, ಪತ್ರದಲ್ಲಿ ಬರೆದಿಲ್ಲ. ಅದು ಸುತ್ತಲಿನ ಗಾಳಿಯ ಸ್ಥಿರ ಒತ್ತಡ ಓದಬೇಕು. ಮುಚ್ಚಿದ ಕಾಕ್‌ಪಿಟ್ ಒಳಗೆ ಅದನ್ನು ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ವೇಗ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಯಾಕೆಂದರೆ ಒಳಗಿನ ಒತ್ತಡ ಹೊರಗಿಗಿಂತ ತುಸು ಕಡಿಮೆ ಇರುತ್ತದೆ. ಜಾಸ್ತಿ ತೋರಿಸುವ ಮೀಟರೇ ಅಪಾಯ.

ಗೆಳೆಯನಿಗೆ ಕೊಡು, ಆದರೆ ಎರಡನೇ ಮೀಟರ್ ಆಗಿ. ಹಳೇ ಮುಳ್ಳಿನ ಮೀಟರ್ ಅಲ್ಲೇ ಇರಲಿ. ಎರಡಕ್ಕೂ ಒಂದೇ ಪೀಟೊ ಕೊಳವೆ ಆದರೆ ಕೊಳವೆ ಕಟ್ಟಿಕೊಂಡಾಗ ಎರಡೂ ಒಟ್ಟಿಗೇ ಸುಳ್ಳು ಹೇಳುತ್ತವೆ ಎಂಬುದನ್ನೂ ಹೇಳು. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬಿರ್ಗೆನ್‌ಏರ್ ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಕ್ಯಾಪ್ಟನ್ ಕಡೆಯ ಪೀಟೊ ಕೊಳವೆ ಕಟ್ಟಿತ್ತು. ಒಳಗೆ ಕಡಜ ಗೂಡು ಕಟ್ಟಿರಬೇಕು ಎಂದು ತನಿಖೆಯವರ ಅಂದಾಜು. ಧಾರವಾಡ ಕಡೆ ಕಡಜಕ್ಕೇನು ಬರವೇ? ವಿಮಾನ ನಿಲ್ಲಿಸಿದ ಕೂಡಲೇ ಕೊಳವೆಗೆ ಟೋಪಿ ಹಾಕಲಿ, ಹಾರುವ ಮುಂಚೆ ನೆನಪಿನಿಂದ ತೆಗೆಯಲಿ.

ಪ್ರಶ್ನೆ: ನನ್ನ ವಿಮಾನದಲ್ಲಿ ರೋಟಾಕ್ಸ್ 912 ಎಂಜಿನ್. ಹೆಡ್‌ಸೆಟ್‌ನಲ್ಲಿ ಸದಾ ಕುಂಯ್ ಎನ್ನುವ ಸದ್ದು. ಎಂಜಿನ್ ವೇಗ ಏರಿಸಿದರೆ ಸದ್ದೂ ಏರುತ್ತದೆ. ಮೂರು ಕಡೆ ಫಿಲ್ಟರ್ ಹಾಕಿದೆ, ಹೋಗಲಿಲ್ಲ. (ಮೆಲ್ಬರ್ನ್)

ಮೊದಲು ಆ ಮೂರು ಫಿಲ್ಟರ್ ಬಿಚ್ಚಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಫಿಲ್ಟರ್ ಹಾಕುವುದು ದುಡ್ಡು ದಂಡ.

ಎಂಜಿನ್ ಜೊತೆಗೆ ಏರುವ ಸದ್ದು ಎಂದರೆ ಜನರೇಟರಿನದ್ದೇ. ರೋಟಾಕ್ಸ್‌ನಲ್ಲಿ ಶಾಶ್ವತ ಅಯಸ್ಕಾಂತದ 250 ವಾಟ್ ಜನರೇಟರ್, ಅದರ ಎಸಿಯನ್ನು ಡಿಸಿ ಮಾಡುವ ರೆಗ್ಯುಲೇಟರ್ ಪೆಟ್ಟಿಗೆ ಬೇರೆ. ಆ ಡಿಸಿಯಲ್ಲಿ ಅಲೆ ಉಳಿದಿರುತ್ತದೆ. ರೆಗ್ಯುಲೇಟರಿನ ಔಟ್‌ಪುಟ್‌ಗೆ 22,000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಹಾಕಿ ಎಂದು ಎಂಜಿನ್ ಕಂಪನಿಯೇ ಹೇಳುತ್ತದೆ. ನಿಮ್ಮಲ್ಲಿ ಅದು ಇದೆಯಾ ನೋಡಿ.

ಇದ್ದರೆ ಮುಂದಿನ ಪರೀಕ್ಷೆ. ಇಂಟರ್‌ಕಾಮನ್ನು ವಿಮಾನದ ಕರೆಂಟಿನಿಂದ ಪೂರ್ತಿ ಬಿಡಿಸಿ, ಪ್ಲಸ್ ಮೈನಸ್ ಎರಡನ್ನೂ. ಬೇರೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ ನಡೆಸಿ, ಎಂಜಿನ್ ಸ್ಟಾರ್ಟ್ ಮಾಡಿ. ಸದ್ದು ಹೋಯಿತಾ? ಹಾಗಾದರೆ ಕರೆಂಟಿನ ದಾರಿಯಲ್ಲಿ ಬರುತ್ತಿದೆ, ಆಗ ಒಂದೇ ಒಂದು ಫಿಲ್ಟರ್ ಸಾಕು. ಹೋಗಲಿಲ್ಲವಾ? ನಿಮ್ಮ ಗ್ರೌಂಡ್, ಅಂದರೆ ಮೈನಸ್ ವಾಪಸ್ ಹೋಗುವ ದಾರಿ, ತಪ್ಪಿದೆ. ಹತ್ತಕ್ಕೆ ಎಂಟು ಸಲ ಹೀಗೇ ಇರುತ್ತದೆ ಎಂದು ನನ್ನ ಅನುಭವ.

ಹೆಡ್‌ಸೆಟ್ ಚುಚ್ಚುವ ಜಾಕ್ ನೋಡಿ. ಅದನ್ನು ಅಲ್ಯೂಮಿನಿಯಂ ತಗಡಿಗೆ ನೇರವಾಗಿ ಬಿಗಿದಿದ್ದರೆ ಮೈಕಿನ ಮೈನಸ್ಸಿಗೆ ಎರಡು ದಾರಿಯಾಯಿತು. ಒಂದು ಕೇಬಲ್ ಸುತ್ತ ಹೆಣೆದ ಶೀಲ್ಡ್ ವೈರಿನಲ್ಲಿ, ಇನ್ನೊಂದು ವಿಮಾನದ ಮೈಯಲ್ಲಿ. ಆ ಮೈಯಲ್ಲೇ ಜನರೇಟರಿನ ಕರೆಂಟೂ ವಾಪಸ್ ಹೋಗುತ್ತಿರುತ್ತದೆ. ಮೈಕಿನ ಸಿಗ್ನಲ್ ಮಿಲಿವೋಲ್ಟ್ ಲೆಕ್ಕದ್ದು, ಅದರೊಳಗೆ ಇದು ಸೇರಿಕೊಳ್ಳುತ್ತದೆ. ಜಾಕಿನ ಎರಡೂ ಕಡೆ ಫೈಬರ್ ವಾಷರ್ ಹಾಕಿ ತಗಡಿನಿಂದ ಬೇರೆ ಮಾಡಿ. ಶೀಲ್ಡನ್ನು ಇಂಟರ್‌ಕಾಮ್ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ಪ್ಯಾನೆಲಿನ ರೇಡಿಯೋ, ಇಂಟರ್‌ಕಾಮ್ ಎಲ್ಲದರ ಮೈನಸ್ ವೈರೂ ಒಂದೇ ಜಾಗಕ್ಕೆ ಬರಲಿ. ವಾಷರ್ ಬೆಲೆ ಕಾಫಿಗಿಂತ ಕಡಿಮೆ.

ಪ್ರಶ್ನೆ: ಫೈಬರ್‌ಗ್ಲಾಸ್ ವಿಮಾನ ಕಟ್ಟುತ್ತಿದ್ದೇನೆ, ಲಾಂಗ್-ಈಝಿ ಮಾದರಿ. ಆಂಟೆನಾ ಹೊರಗೆ ಕಡ್ಡಿಯ ಹಾಗೆ ಚಾಚಿಕೊಂಡಿರುವುದು ಇಷ್ಟವಿಲ್ಲ. ಒಳಗೇ ಅಡಗಿಸಬಹುದಾ? (ಫೀನಿಕ್ಸ್)

ಧಾರಾಳವಾಗಿ. ಬರ್ಟ್ ರುಟಾನ್ ವಿನ್ಯಾಸದ ವಿಮಾನಗಳಿಗೆ ಜಿಮ್ ವೇಯರ್ ಎಂಬ ಎಂಜಿನಿಯರ್ ಇದನ್ನು ಯಾವತ್ತೋ ಮಾಡಿ ತೋರಿಸಿದ್ದಾರೆ. ಅಂಟಿಸುವ ತಾಮ್ರದ ಪಟ್ಟಿಯನ್ನು ಫೈಬರ್‌ಗ್ಲಾಸ್ ಪದರದ ಕೆಳಗೆ ಹಾಕಿ, ಎರಡು ತೋಳಿನ ಡೈಪೋಲ್ ಮಾಡುವುದು. ವಿಮಾನದ ಮಾತಿನ ರೇಡಿಯೋ 118ರಿಂದ 137 ಮೆಗಾಹರ್ಟ್ಸ್ ನಡುವೆ. ಒಂದೊಂದು ತೋಳು ತರಂಗದ ಉದ್ದದ ಕಾಲು ಭಾಗ, ನಡುಮಧ್ಯದ ಅಲೆಗೆ ಅದು 59 ಸೆಂಟಿಮೀಟರ್ ಬರುತ್ತದೆ. ಪಟ್ಟಿ ಅಗಲವಿರುವುದರಿಂದ, ಫೈಬರ್‌ಗ್ಲಾಸ್ ಒಳಗಿರುವುದರಿಂದ ತೋಳು ಇನ್ನೂ ಗಿಡ್ಡ, ಅರ್ಧ ಮೀಟರ್ ಹತ್ತಿರ. ಕೇಬಲ್ ಸೇರುವ ಕಡೆ ಕೆಲವು ಫೆರೈಟ್ ಉಂಗುರ ತೊಡಿಸಿ. ನಿಮ್ಮ ಮಾತು ನೆಟ್ಟಗೆ ನಿಂತ ಅಲೆಯಲ್ಲಿ ಹೋಗಬೇಕು, ಆದ್ದರಿಂದ ತೋಳುಗಳೂ ಆದಷ್ಟು ನೆಟ್ಟಗೇ ನಿಲ್ಲಲಿ. ಲಾಂಗ್-ಈಝಿಯಲ್ಲಿ ರೆಕ್ಕೆ ತುದಿಯಲ್ಲಿ ಮೇಲೆದ್ದು ನಿಂತ ವಿಂಗ್‌ಲೆಟ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಎಂದು ಹೇಳುವ ಎಸ್‌ಡಬ್ಲ್ಯುಆರ್ ಅನ್ನು ಪದರ ಮುಚ್ಚುವ ಮೊದಲೇ ಅಳೆಯಿರಿ. 2ಕ್ಕಿಂತ ಕೆಳಗೆ ಬಂದರೆ ಮುಚ್ಚಿ. ಮುಚ್ಚಿದ ಮೇಲೆ ಕೈ ಹೋಗುವುದಿಲ್ಲ. ಎಲ್ಲಾದರೂ ಕಾರ್ಬನ್ ಫೈಬರ್ ಬಳಸಿದ್ದರೆ ಅದರ ಹಿಂದೆ ಆಂಟೆನಾ ಬೇಡ, ಕಾರ್ಬನ್ ರೇಡಿಯೋ ಅಲೆಯನ್ನು ತಡೆಯುತ್ತದೆ.

ಅಂದ ಹಾಗೆ, 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಹಾರಿಸಿದ ಲೈಟ್ ಕನಾರ್ಡ್ ಸಂಶೋಧನಾ ವಿಮಾನಕ್ಕೂ ಇದೇ ಲಾಂಗ್-ಈಝಿಯೇ ಮೂಲ.

ನೀವು ಕೇಳಿಲ್ಲ, ಆದರೂ ಲಾಂಗ್-ಈಝಿ ಎಂದಮೇಲೆ ಹೇಳಲೇಬೇಕು. ಗಾಯಕ ಜಾನ್ ಡೆನ್ವರ್ 1997ರಲ್ಲಿ ಸತ್ತಿದ್ದು ಇಂಥ ವಿಮಾನದಲ್ಲೇ. ಪೆಟ್ರೋಲ್ ಟ್ಯಾಂಕ್ ಬದಲಿಸುವ ವಾಲ್ವನ್ನು ಕಟ್ಟಿದವರು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ತಿರುಗಿ ಕೈ ಚಾಚಿದರೆ ವಿಮಾನ ಹಿಡಿತ ತಪ್ಪುವಂತಿತ್ತು. ನಿಮ್ಮ ಬ್ಯಾಟರಿ ಸ್ವಿಚ್, ಇಗ್ನಿಷನ್ ಸ್ವಿಚ್ ಎಲ್ಲಿಡಬೇಕೆಂದು ಯೋಚಿಸುವಾಗ ಬೆಲ್ಟ್ ಬಿಗಿದುಕೊಂಡು ಕೂತು, ಕಣ್ಣು ಮುಚ್ಚಿ ಕೈ ಚಾಚಿ ನೋಡಿ.

ಪ್ರಶ್ನೆ: ಫೋನಿನಲ್ಲಿ ಎಕ್ಸೆಲೆರೋಮೀಟರ್ ಇದೆಯಲ್ಲ. ಅದರಿಂದಲೇ ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಕೃತಕ ಹೊರೈಜನ್ ಮಾಡಿಕೊಂಡರೆ ದುಬಾರಿ ಸ್ಕ್ರೀನ್ ಯಾಕೆ? (ಸಿಯಾಟಲ್)

ಎಕ್ಸೆಲೆರೋಮೀಟರಿಗೆ 'ಕೆಳಗೆ' ಯಾವ ಕಡೆ ಎಂದು ಗೊತ್ತಾಗುವುದು ತೂಕದ ದಿಕ್ಕಿನಿಂದ. ವಿಮಾನ ಸರಿಯಾಗಿ ವಾಲಿ ತಿರುಗುವಾಗ ತೂಕ ಸದಾ ವಿಮಾನದ ನೆಲದ ಕಡೆಗೇ ಬೀಳುತ್ತದೆ. ಬಾಬ್ ಹೂವರ್ ಎಂಬ ಮಹಾ ಪೈಲಟ್ ವಿಮಾನವನ್ನು ಪೂರ್ತಿ ಉರುಳಿಸುತ್ತಲೇ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದರು, ಒಂದು ಹನಿ ಚೆಲ್ಲುತ್ತಿರಲಿಲ್ಲ. ಆ ಲೋಟದ ಪಕ್ಕ ನಿಮ್ಮ ಫೋನ್ ಇದ್ದಿದ್ದರೆ ವಿಮಾನ ನೆಟ್ಟಗೆ ಹೋಗುತ್ತಿದೆ ಎನ್ನುತ್ತಿತ್ತು. ಮೋಡದೊಳಗೆ ನಂಬಬಾರದ್ದು ಇದನ್ನೇ. ಜೈರೋ, ಜಿಪಿಎಸ್ ಸೇರಿಸಿ ಲೆಕ್ಕ ಹಾಕಿದರೆ ಸುಧಾರಿಸುತ್ತದೆ, ದುಬಾರಿ ಸ್ಕ್ರೀನಿನವರು ದುಡ್ಡು ತಗೊಳ್ಳುವುದು ಆ ಲೆಕ್ಕಕ್ಕೆ.

ಕೈ ತುರಿಸುತ್ತಿದ್ದರೆ ಸ್ಟ್ರಾಟಕ್ಸ್ ಕಟ್ಟಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಎಲ್ಲರಿಗೂ ತೆರೆದ ಪ್ರಾಜೆಕ್ಟ್. 978 ಮತ್ತು 1090 ಮೆಗಾಹರ್ಟ್ಸ್‌ನಲ್ಲಿ ಬರುವ ಸುತ್ತಲಿನ ವಿಮಾನಗಳ ಮಾಹಿತಿ, ಅಮೆರಿಕದಲ್ಲಾದರೆ ಹವಾಮಾನವೂ, ನಿಮ್ಮ ಟ್ಯಾಬ್ಲೆಟ್‌ನಲ್ಲಿ ಕಾಣುತ್ತದೆ. ವಿಮಾನದ ಒಂದು ವೈರನ್ನೂ ಮುಟ್ಟಬೇಕಿಲ್ಲ. ಕೆಟ್ಟರೆ ಕಿಟಕಿಯಿಂದ ಹೊರಗೆ ನೋಡುವುದು, ಅಷ್ಟೇ. ಮೊದಲ ಸಲ ಮಾಡುವವರಿಗೆ ನಾನು ಹೇಳುವ ಕೆಲಸ ಇದು.

ಪ್ರಶ್ನೆ: ಇದೆಲ್ಲ ಅಮೆರಿಕದ ಮಾತಾಯಿತು. ಬೆಂಗಳೂರಿನಲ್ಲಿ ಕೂತು ನಾನೇನು ಮಾಡಬಹುದು? (ರಾಜಾಜಿನಗರ)

ನಮ್ಮ ದೇಶದಲ್ಲಿ ಹಾರಿಸುವುದು ಸುಲಭವಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದರು. ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎಯ ನೋಂದಣಿ ಸಿಕ್ಕಿದ್ದು 2017ರಲ್ಲಿ, ಅದೂ ಬಹಳ ಓಡಾಟದ ಮೇಲೆ.

ಬೆಂಚಿನ ಮೇಲೆ ಕಲಿಯಲು ಯಾರ ಅಪ್ಪಣೆಯೂ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ. ಪ್ರೆಷರ್ ಸೆನ್ಸರ್, ಕೆ ಟೈಪ್ ಥರ್ಮೋಕಪಲ್ ಕೇಳಿ. ಹುಬ್ಬಳ್ಳಿಯ ಹುಡುಗನಿಗೆ ಹೇಳಿದ ನೀರಿನ ಟ್ಯೂಬ್ ನೀವೂ ಕಟ್ಟಿ. ಥರ್ಮೋಕಪಲ್‌ನಿಂದ ಎಂಜಿನ್ ಹೊಗೆಯ ಬಿಸಿ ಅಳೆಯುವ ಮೀಟರ್ ಮಾಡಬಹುದು. ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ವೈರ್ ಸಾಲದೆ ಬಂದರೆ ತಾಮ್ರದ ವೈರ್ ಸೇರಿಸಿ ಉದ್ದ ಮಾಡಬೇಡಿ, ಅದೇ ಲೋಹದ ಎಕ್ಸ್‌ಟೆನ್ಷನ್ ಕೇಬಲ್ ಎಂದು ಕೇಳಿ ತನ್ನಿ. ಇಲ್ಲದಿದ್ದರೆ ಸೇರಿಸಿದ ಜಾಗದ ಬಿಸಿಯೂ ಲೆಕ್ಕದೊಳಗೆ ಬರುತ್ತದೆ. ರೇಡಿಯೋ ಟ್ರಾನ್ಸ್‌ಮಿಟರ್ ಮಾತ್ರ ಸುಮ್ನೆ ಕಟ್ಟಲು ಹೋಗಬೇಡಿ, ಲೈಸೆನ್ಸ್ ಬೇಕು. ಆ ಆಸೆ ಇದ್ದರೆ ಮೊದಲು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸು ಮಾಡಿಕೊಳ್ಳಿ. ಆಂಟೆನಾ, ಎಸ್‌ಡಬ್ಲ್ಯುಆರ್ ಎಲ್ಲ ಅಲ್ಲೇ ಕಲಿಯುತ್ತೀರಿ.